ಗುಲಗಂಜಿಯಷ್ಟು ಗುರಿ

ಪ್ರೀತಿಯ ನರಸೀಪುರದ ಗೆಳೆಯರಿಗೆ,

 

ಮಗಳು ಎನ್‌ಸಿಸಿ ಶಿಬಿರದಲ್ಲಿ ಪಾಯಿಂಟ್ ಟೂ-ಟೂ ರೈಫಲ್ ಹಿಡಿದು ಬಂದ ದಿನದಿಂದ ಶೂಟಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ ಎಂದು ಬರೆದಿದ್ದೀರಿ. ಅಜ್ಜಿ "ಹೆಣ್ಣುಮಗೀಗೆ ಬಂದೂಕು ಯಾಕವ್ವ" ಎಂದು ಗೊಣಗುತ್ತಿದ್ದಾರೆ. ನಿಮಗೋ ಬೈಯಲು ಮನಸ್ಸಿಲ್ಲ, ಒಪ್ಪಲು ಧೈರ್ಯವಿಲ್ಲ. "ಕಾಗದಕ್ಕೆ ತೂತು ಹೊಡೆಯೋದ್ರಲ್ಲಿ ಅಂಥಾ ರುಚಿ ಏನಿದೆ, ನೀವಾದ್ರೂ ಹೇಳಿ" ಎಂದು ಕೇಳಿದ್ದೀರಿ. ಬಿಡುವಾದಾಗಲೆಲ್ಲ ಮೈಸೂರಿನ ಬಸ್ಸು ಹತ್ತಿ ಹೋಗಿ ಅದೇ ಕಾಗದಕ್ಕೆ ತೂತು ಹೊಡೆದು ಬರುವವನನ್ನೇ ಕೇಳಿದ್ದೀರಲ್ಲ, ಉತ್ತರ ಸ್ವಲ್ಪ ಉದ್ದವಾದರೆ ತಪ್ಪು ನನ್ನದಲ್ಲ.

ಈ ರುಚಿ ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ನಮ್ಮ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆದು ಮುಗಿದ ಮೇಲೆ ಜನ ಎಲ್ಲಿ ಗುಂಪುಗೂಡುತ್ತಾರೆ, ನೋಡಿದ್ದೀರಲ್ಲ? ಬತ್ತಾಸು-ಕಡ್ಲೆಪುರಿ ಅಂಗಡಿ ಬಿಟ್ಟರೆ ಬಲೂನಿಗೆ ಹೊಡೆಯುವ ಅಂಗಡಿಯ ಮುಂದೆ. ನಿಮ್ಮ ಮುಡುಕುತೊರೆ ಜಾತ್ರೆಗೆ ಎತ್ತು ಕೊಳ್ಳಲು ಬಂದ ಯಜಮಾನರೂ ಒಂದು ಗಳಿಗೆ ಅಲ್ಲಿ ನಿಂತು, ಟವೆಲ್ಲು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಕೆಂಪು ಬಲೂನನ್ನೇ ಹುಡುಕುತ್ತಾರೆ. ತಪ್ಪಿದರೆ ಸುತ್ತ ನಿಂತವರೆಲ್ಲ ಗುರುಗಳೇ: "ಒಂದ್ ಚೂರು ಮ್ಯಾಲೆ ಹಿಡೀಬೇಕಿತ್ತು." ಬಲೂನು ಒಡೆದರೆ ಬರುವ ಬಹುಮಾನ ಏನೂ ಇಲ್ಲದಿದ್ದರೂ ಇನ್ನೊಂದು ಹತ್ತು ರೂಪಾಯಿ ಜೇಬಿನಿಂದ ತಾನಾಗಿ ಹೊರಬರುತ್ತದೆ.

ಆ ಅಂಗಡಿಯ ಬಂದೂಕು ನೇರ ಹೊಡೆಯುವುದಿಲ್ಲ ಎಂಬ ದೂರು ಎಲ್ಲ ಜಾತ್ರೆಯಲ್ಲೂ ಇದೆ. ಇರಲಿ. ಮೊದಲ ಗುಂಡು ಎಡಕ್ಕೆ ಹೋಯಿತು, ಎರಡನೆಯದೂ ಎಡಕ್ಕೇ ಹೋಯಿತು ಎಂದು ಗಮನಿಸಿ ಮೂರನೆಯದನ್ನು ಬಲಕ್ಕೆ ಹಿಡಿದು ಹೊಡೆಯುವ ಒಬ್ಬ ಜಾಣ ಪ್ರತಿ ಗುಂಪಿನಲ್ಲೂ ಸಿಗುತ್ತಾನೆ. ಅವನು ಆಟದ ಅರ್ಧ ಕಲಿತ ಹಾಗೆ. ದೊಡ್ಡ ಪಂದ್ಯಗಳಲ್ಲೂ ಅಂಕಕ್ಕೆ ಲೆಕ್ಕವಿಲ್ಲದ ಕೆಲವು ಹೊಡೆತಗಳನ್ನು ಮೊದಲು ಕೊಡುತ್ತಾರೆ, ಬಂದೂಕು ಇವತ್ತು ಎತ್ತ ಎಳೆಯುತ್ತಿದೆ ಎಂದು ನೋಡಿಕೊಂಡು ಗುರಿ ನೋಡುವ ಸೈಟು ತಿರುಗಿಸಿ ಸರಿಮಾಡಿಕೊಳ್ಳಲಿಕ್ಕೆ. ಶಿಬಿರದಲ್ಲಿ ನಿಮ್ಮ ಮಗಳಿಗೂ 'ಗ್ರೂಪಿಂಗ್' ಹೇಳಿಕೊಟ್ಟಿರುತ್ತಾರೆ. ಐದು ತೂತು ಒಂದೇ ಕಡೆ ಒತ್ತಾಗಿ ಬಿದ್ದರೆ, ಅದು ನಡುವಿನಿಂದ ಎಷ್ಟೇ ದೂರವಿರಲಿ, ಕಲಿಸುವವರಿಗೆ ಖುಷಿ. ಒಂದು ನಟ್ಟನಡುವೆ ಬಿದ್ದು ಉಳಿದ ನಾಲ್ಕು ದಿಕ್ಕಾಪಾಲಾದರೆ ಆ ನಡುವಿನದು ಬರೀ ಅದೃಷ್ಟ. ಒತ್ತಾಗಿ ಬಿದ್ದದ್ದನ್ನು ಸೈಟು ತಿರುಗಿಸಿ ನಡುವಿಗೆ ತರಬಹುದು, ಚೆಲ್ಲಾಪಿಲ್ಲಿಯಾದದ್ದಕ್ಕೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ.

ಈಗ ಅಸಲು ಆಟಕ್ಕೆ ಬರುತ್ತೇನೆ. ನಿಮ್ಮೂರಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ, ನಿಮ್ಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನೀವೆಲ್ಲ ಹೆಮ್ಮೆಪಡುತ್ತೀರಿ. ಆ ಗುಲಗಂಜಿಯನ್ನೇ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ಮೀಟರ್ ಏರ್ ರೈಫಲ್‌ನ ಸೀಸದ ಗುಂಡಿನ ಅಗಲ 4.5 ಮಿಲಿಮೀಟರ್, ತೂಕ ಸುಮಾರು ಅರ್ಧ ಗ್ರಾಮು. ಅಕ್ಕಸಾಲಿಯ ತಕ್ಕಡಿಯಲ್ಲಿ ನಾಲ್ಕು ಗುಲಗಂಜಿ ಹಾಕಿದರೆ ಹೆಚ್ಚು ಕಡಿಮೆ ಸರಿತೂಗುತ್ತದೆ. ಗುರಿಯ ಹಾಳೆಯಲ್ಲಿ ಹೊರಗಿನ ವೃತ್ತದ ಅಗಲವೇ 45.5 ಮಿಲಿಮೀಟರ್. ಒಳಗೆ ಹತ್ತು ಅಂಕದ ಚುಕ್ಕಿ ಇದೆಯಲ್ಲ, ಅದು ಬರೀ ಅರ್ಧ ಮಿಲಿಮೀಟರ್, ಗುಲಗಂಜಿಯ ಕಪ್ಪು ಮಚ್ಚೆಗಿಂತ ಎಷ್ಟೋ ಸಣ್ಣದು. ಗುಂಡಿನ ಅಂಚು ಅದನ್ನು ಸೋಕಿದರೆ ಹತ್ತು. ಈಗಿನ ಎಲೆಕ್ಟ್ರಾನಿಕ್ ಹಲಗೆಗಳು ಅಷ್ಟಕ್ಕೆ ಬಿಡದೆ ಹತ್ತನ್ನೂ ಹತ್ತು ಪಾಲು ಮಾಡಿ 10.9ರವರೆಗೆ ಅಳೆಯುತ್ತವೆ. ಅರವತ್ತು ಗುಂಡು, ಎಪ್ಪತ್ತೈದು ನಿಮಿಷ. ಎಲ್ಲವೂ ನಟ್ಟನಡುವೆ ಬಿದ್ದರೆ 654. ಇಷ್ಟೂ ಹೊತ್ತು ನಿಂತೇ ಹೊಡೆಯಬೇಕು, ಒರಗುವಂತಿಲ್ಲ. ರೈಫಲ್ಲಿನ ತೂಕ ಐದೂವರೆ ಕಿಲೋವರೆಗೆ ಇರಬಹುದು.

ನಳಿಗೆಯ ತುದಿ ಒಂದು ಮಿಲಿಮೀಟರ್ ಕದಲಿದರೆ ಸಾಕು, ಹತ್ತು ಮೀಟರ್ ಆಚೆ ಗುಂಡು ಒಂದು ಸೆಂಟಿಮೀಟರ್ ಸರಿದಿರುತ್ತದೆ. ಕದಲದೆ ಇರುವುದಾದರೂ ಹೇಗೆ? ಉಸಿರಾಡಿದರೆ ನಳಿಗೆ ಏರಿಳಿಯುತ್ತದೆ. ಉಸಿರು ಕಟ್ಟಿದರೆ ಸ್ವಲ್ಪ ಹೊತ್ತಿಗೆಲ್ಲ ಕಣ್ಣು ಮಂಜಾಗುತ್ತದೆ. ಎರಡೂ ಬೇಡವೆಂದರೆ ಎದೆಬಡಿತ ಇದೆಯಲ್ಲ, ಒಂದೊಂದು ಬಡಿತಕ್ಕೂ ಸೈಟು ಮಿಣುಕುತ್ತದೆ. ಅದಕ್ಕೇ ಕಲಿಸುವವರು ಮೊದಲು ತೋಳಿನ ಬಲ ಬಿಡಿಸುತ್ತಾರೆ. ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಆನಿಸಿ, ರೈಫಲ್ಲಿನ ಭಾರವನ್ನು ಮೂಳೆಯಿಂದ ಮೂಳೆಗೆ ಇಳಿಸಿ ನೆಲಕ್ಕೆ ಒಪ್ಪಿಸಬೇಕು. ಮಾಂಸಖಂಡ ಹೊತ್ತರೆ ನಡುಗುತ್ತದೆ, ಮೂಳೆ ಹೊತ್ತರೆ ನಡುಗುವುದಿಲ್ಲ. ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಮುಂದಿನ ಉಸಿರು ತಾನಾಗಿ ಬರುವವರೆಗೆ ಒಂದು ಬಿಡುವು ಸಿಗುತ್ತದೆ. ಟ್ರಿಗರ್ ಒತ್ತುವುದು ಆ ಬಿಡುವಿನಲ್ಲಿ, ಅದೂ ಎಳೆದಂತಲ್ಲ. ಬೆರಳು ಒತ್ತುತ್ತಾ ಹೋದಂತೆ ಗುಂಡು ಯಾವಾಗ ಹೊರಟಿತು ಎಂದು ಹೊಡೆದವನಿಗೇ ಒಂದು ಬೆರಗು ಹುಟ್ಟಬೇಕು. 'ಈಗ ಹೊಡೆಯುತ್ತೇನೆ' ಎಂದು ಮನಸ್ಸು ಹೇಳಿತೋ, ಭುಜ ಬಿಗಿಯಿತು, ಗುಂಡು ಏಳಕ್ಕೆ ಹೋಯಿತು.

ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ಈ ಆಟದಲ್ಲಿ ನಿಷೇಧಿಸಿರುವುದು ಇದೇ ಕಾರಣಕ್ಕೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲುಗಾರ ಕಿಮ್ ಜೊಂಗ್ ಸು ಗೆದ್ದಿದ್ದ ಎರಡು ಪದಕಗಳನ್ನು ಅಂಥದೊಂದು ಮಾತ್ರೆಯ ದೆಸೆಯಿಂದ ವಾಪಸು ಕಿತ್ತುಕೊಂಡರು. ಬೇರೆ ಆಟದಲ್ಲಿ ಜನ ಹೆಚ್ಚು ಓಡಲಿಕ್ಕೆ, ಹೆಚ್ಚು ಎತ್ತಲಿಕ್ಕೆ ಕಳ್ಳಮದ್ದು ತಿಂದು ಸಿಕ್ಕಿಬೀಳುತ್ತಾರೆ. ಸುಮ್ಮನಿರಲಿಕ್ಕೆ ತಿಂದು ಸಿಕ್ಕಿಬೀಳುವುದು ಇಂಥ ಕೆಲವೇ ಆಟಗಳಲ್ಲಿ.

ನೀವು ಕೇಳಿದ ರುಚಿ ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ನಮ್ಮೊಳಗಿನ ಅಲುಗಾಟ ನಮಗೆ ಕಾಣುವುದಿಲ್ಲ. ಬೆಳಿಗ್ಗೆ ಬಸ್ ಕಂಡಕ್ಟರ್ ಜೊತೆ ಚಿಲ್ಲರೆಗಾಗಿ ಆಡಿದ ಜಗಳ ಮರೆತೇ ಹೋಗಿದೆ ಎಂದುಕೊಂಡಿರುತ್ತೇವೆ, ಹಾಳೆಯ ಮೇಲೆ ಅದು ಎಂಟರ ಮನೆಯಲ್ಲಿ ತೂತಾಗಿ ಕೂತಿರುತ್ತದೆ. ಸಾಲದ ಚಿಂತೆ, ಮಗನ ರಿಸಲ್ಟು, ಪಕ್ಕದವನು ಚೆನ್ನಾಗಿ ಹೊಡೆಯುತ್ತಿದ್ದಾನೆಂಬ ಹೊಟ್ಟೆಕಿಚ್ಚು, ಒಂದೊಂದಕ್ಕೂ ಒಂದೊಂದು ತೂತು. ಧ್ಯಾನಕ್ಕೆ ಕೂತವನು ಮನಸ್ಸು ನಿಂತಿತು ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಬಹುದು. ನಾನೂ ಹೇಳಿಕೊಂಡವನೇ. ರೇಂಜಿನಲ್ಲಿ ಆ ಸೌಕರ್ಯ ಇಲ್ಲ. ಅದರ ಬದಲು, ಒಂದು ಹೊಡೆತ ಸರಿಯಾಗಿ ಬಿದ್ದಾಗ, ಫಲಕ ನೋಡುವ ಮೊದಲೇ ಮೈಗೆ ಗೊತ್ತಾಗಿರುತ್ತದೆ. ಆ ಕ್ಷಣಕ್ಕಾಗಿ ಜನ ವರ್ಷಗಟ್ಟಲೆ ಬರುತ್ತಾರೆ. ಬ್ಯಾಂಕಿನವರು, ದಂತವೈದ್ಯರು, ಕಾಲೇಜು ಹುಡುಗಿಯರು, ನನ್ನಂಥ ಪಿಂಚಣಿದಾರರು ಅರ್ಧ ದಿನ ಪಕ್ಕಪಕ್ಕದಲ್ಲೇ ನಿಂತಿದ್ದರೂ ಒಂದು ಮಾತಿಲ್ಲ. ಆಮೇಲೆ ಟೀ ಕುಡಿಯುವಾಗ ಮಾತೋ ಮಾತು.

ಬೈಯಲು ಎದುರಾಳಿ ಇಲ್ಲದಿರುವುದೂ ಒಂದು ರುಚಿಯೇ. ಕ್ರಿಕೆಟ್ಟಿನಲ್ಲಿ ಅಂಪೈರಿದ್ದಾನೆ, ಪಿಚ್ಚಿದೆ, ಕ್ಯಾಚು ಬಿಟ್ಟ ಗೆಳೆಯನಿದ್ದಾನೆ. ಇಲ್ಲಿ ಯಾರಿದ್ದಾರೆ? 2004ರ ಅಥೆನ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ ಐವತ್ತು ಮೀಟರ್ ಮೂರು ಭಂಗಿಯ ರೈಫಲ್ ಫೈನಲ್‌ನಲ್ಲಿ ಎಲ್ಲರಿಗಿಂತ ಮುಂದಿದ್ದರು, ಉಳಿದದ್ದು ಒಂದೇ ಗುಂಡು. ಚೆನ್ನಾಗಿಯೇ ಹೊಡೆದರು, ಆದರೆ ಪಕ್ಕದವನ ಗುರಿಗೆ! ಸೊನ್ನೆ ಬಂತು, ಚಿನ್ನ ಹೋಯಿತು, ಎಂಟನೇ ಸ್ಥಾನ. ಸಮಾಧಾನ ಹೇಳಲು ಬಂದ ಜೆಕ್ ಶೂಟರ್ ಕತೆರಿನಾ ಮುಂದೆ ಅವರ ಹೆಂಡತಿಯಾದರು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಮಗಳು ಈ ಕತೆ ಕೇಳಿ ಬೇಸರ ಮಾಡಿಕೊಂಡಾಳು.

ಅದೇ ಅಥೆನ್ಸ್‌ನ ಏರ್ ರೈಫಲ್ ಫೈನಲ್‌ನಲ್ಲಿ ನಮ್ಮ ಅಭಿನವ್ ಬಿಂದ್ರಾ ಏಳನೆಯವರಾಗಿ ಉಳಿದಿದ್ದರು. ನಾಲ್ಕು ವರ್ಷ ಬಿಟ್ಟು 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ, ಕೊನೆಯ ಗುಂಡಿಗೆ ಮುಂಚೆ, ಫಿನ್ಲೆಂಡಿನ ಹೆನ್ರಿ ಹಕಿನೆನ್ ಜೊತೆ ಸಮಸಮ ನಿಂತಿದ್ದರು. ಹಕಿನೆನ್‌ಗೆ 9.7 ಬಂತು, ಬಿಂದ್ರಾಗೆ 10.8. ಒಟ್ಟು 700.5. ಎರಡನೆಯವರಾದ ಚೀನಾದ ಝು ಚಿನಾನ್ 699.7. ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ಆಡಿ ಗೆದ್ದ ಮೊದಲ ಚಿನ್ನ ಬಂದದ್ದು ಕಾಶಿಗೂ ನಿಮ್ಮೂರಿಗೂ ಇರುವ ಗುಲಗಂಜಿಯಷ್ಟು ಅಂತರದಲ್ಲಿ!

ಅಜ್ಜಿಯ ಪ್ರಶ್ನೆಗೆ ಬರೋಣ. ಹೆಣ್ಣುಮಗುವಿಗೆ ಬಂದೂಕು ಯಾಕೆ? ಗಂಡು-ಹೆಣ್ಣು ಒಂದೇ ಸಾಲಿನಲ್ಲಿ ನಿಂತು ಹೊಡೆಯಬಲ್ಲ ಆಟ ಇದು ಎಂಬುದಕ್ಕೆ ಹಳೆಯ ಸಾಕ್ಷಿ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೈಫಲ್ ಸ್ಪರ್ಧೆ ಇಬ್ಬರಿಗೂ ಒಟ್ಟಿಗೇ ಇತ್ತು. ಅಮೆರಿಕದ ಮಾರ್ಗರೆಟ್ ಮರ್ಡಕ್ ಎಂಬಾಕೆ ತಮ್ಮದೇ ದೇಶದ ಲ್ಯಾನಿ ಬ್ಯಾಶಮ್ ಜೊತೆ ಸಮ ಅಂಕ ಗಳಿಸಿದರು. ನಿಯಮದ ಲೆಕ್ಕದಲ್ಲಿ ಚಿನ್ನ ಬ್ಯಾಶಮ್‌ಗೆ ಹೋಯಿತು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಮರ್ಡಕ್‌ರ ಕೈ ಹಿಡಿದು ಮೇಲಿನ ಮೆಟ್ಟಿಲಿಗೆ ತಮ್ಮ ಪಕ್ಕಕ್ಕೇ ಕರೆದುಕೊಂಡರು. ಇವತ್ತು ಸ್ಪರ್ಧೆ ಬೇರೆ ಬೇರೆ, ಆದರೆ 2018ರಿಂದ ಹುಡುಗಿಯರಿಗೂ ಹುಡುಗರಷ್ಟೇ ಅರವತ್ತು ಗುಂಡು. ಅಂಗವೈಕಲ್ಯವಾಗಲಿ ವಯಸ್ಸಾಗಲಿ ಇಲ್ಲಿ ಅಡ್ಡಿಯಲ್ಲ. ಗಾಲಿಕುರ್ಚಿಯಲ್ಲಿ ಕೂತು ಹೊಡೆಯುವ ರಾಜಸ್ಥಾನದ ಅವನಿ ಲೇಖರಾ ಟೋಕಿಯೊ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಚಿನ್ನ ತಂದರು. ಹಂಗೇರಿಯ ಕರೋಲಿ ಟಕಾಚ್ ಎಂಬ ಸೈನಿಕ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾದ ಮೇಲೆ ಎಡಗೈಯಲ್ಲಿ ಕಲಿತು 1948, 1952ರಲ್ಲಿ ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದರು. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರಲ್ಲಿ ಬೆಳ್ಳಿ ಗೆದ್ದಾಗ ವಯಸ್ಸು ಎಪ್ಪತ್ತೆರಡು. ಈ ಕೊನೆಯ ಉದಾಹರಣೆ ನನ್ನ ಸ್ವಂತ ಸಮಾಧಾನಕ್ಕೆ.

ನಮ್ಮ ರಾಜ್ಯದವರನ್ನೇ ಹೇಳಬೇಕೆಂದರೆ ನನಗೆ ಮೊದಲು ನೆನಪಾಗುವುದು ಬೆಂಗಳೂರಿನ ಪ್ರಕಾಶ್ ನಂಜಪ್ಪ. ತಂದೆಯೂ ಪಿಸ್ತೂಲು ಶೂಟರ್. ಇವರು ಕೆನಡಾದಲ್ಲಿ ಎಂಜಿನಿಯರ್ ಕೆಲಸದಲ್ಲಿದ್ದು, ಅದನ್ನು ಬಿಟ್ಟು ಊರಿಗೆ ಬಂದು ಪೂರ್ತಿಯಾಗಿ ಆಟಕ್ಕೆ ಇಳಿದವರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು ಬಂತು. ಅದೇ ವರ್ಷ ಸ್ಪೇನಿನಲ್ಲಿ ಪಂದ್ಯಕ್ಕೆ ಹೋದಾಗ ಮುಖದ ಒಂದು ಪಕ್ಕ ಪಾರ್ಶ್ವವಾಯು ಹೊಡೆಯಿತು. ಕಣ್ಣೇ ಬಂಡವಾಳವಾದ ಆಟ, ರೆಪ್ಪೆ ಸರಿಯಾಗಿ ಮುಚ್ಚದ ಸ್ಥಿತಿ. ಇನ್ನೊಬ್ಬರಾಗಿದ್ದರೆ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಿದ್ದರು. ಇವರು ಚೇತರಿಸಿಕೊಂಡು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಹುಡುಗಿಯರಲ್ಲಿ ಬೆಂಗಳೂರಿನ ದಿವ್ಯಾ ಟಿ.ಎಸ್. ಇದ್ದಾರೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಎರಡು ಬೆಳ್ಳಿ ಅವರ ಪಾಲಿಗೆ ಬಂದವು, ಒಂದು ಮಹಿಳಾ ತಂಡದಲ್ಲಿ, ಇನ್ನೊಂದು ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ. ಅಜ್ಜಿಗೆ ಫೋಟೊ ತೋರಿಸಿ.

ಪಿಸ್ತೂಲು ಒಂದೇ ಕೈಯಲ್ಲಿ ಹಿಡಿಯುವ ಆಟ. 2024ರ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಎಡಗೈ ಪ್ಯಾಂಟ್ ಜೇಬಿಗಿಳಿಸಿ, ಮಾಮೂಲಿ ಕನ್ನಡಕ ಹಾಕಿಕೊಂಡು ಬೆಳ್ಳಿ ಗೆದ್ದ ಚಿತ್ರ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಅದನ್ನು ಎಲ್ಲರೂ ಗತ್ತು ಎಂದುಕೊಂಡರು. ಜೇಬಿನಲ್ಲಿ ಕೈ ಇಡುವುದು ಪಿಸ್ತೂಲುಗಾರರ ಹಳೆಯ ರೂಢಿ, ಸುಮ್ಮನೆ ನೇತಾಡುವ ಕೈ ಮೈಯನ್ನು ತೂಗಿಸುತ್ತದೆ ಅಷ್ಟೆ.

ಕೊಡಗಿನವರ ಮಾತು ಎತ್ತದಿದ್ದರೆ ಅನ್ಯಾಯ. ಅಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೋಳ್ದ್ ಹಬ್ಬ. ಕೋವಿಗಳನ್ನು ಒರೆಸಿ, ಸಾಲಾಗಿಟ್ಟು, 'ತೋಕ್ ಪೂ' ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡಸರು, ಹೆಂಗಸರು, ಮುದುಕರು, ಎಲ್ಲರೂ ಹೊಡೆಯುತ್ತಾರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಬಂದೂಕು ಅಲ್ಲಿ ಮನೆಯೊಳಗಿನ ಗೌರವ. ನಮ್ಮ ಬಯಲುಸೀಮೆಗೆ ಆ ಪರಂಪರೆ ಇಲ್ಲ, ಹಾಗಾಗಿ ನಮಗೆ ಹೆದರಿಕೆ ಜಾಸ್ತಿ.

ಆ ಹೆದರಿಕೆ ಒಳ್ಳೆಯದೇ. ರೇಂಜು ಎನ್ನುವುದು ಹೆದರಿಕೆಯನ್ನು ನಿಯಮ ಮಾಡಿಟ್ಟ ಜಾಗ. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಗುಂಡಿಲ್ಲ ಎಂದು ಗೊತ್ತಿದ್ದರೂ ಇದೆ ಎಂದೇ ತಿಳಿದು ಹಿಡಿಯಬೇಕು. ಹೊಡೆಯದಿರುವಾಗ ನಳಿಗೆಯೊಳಗೆ ಎದ್ದು ಕಾಣುವ ಬಣ್ಣದ ದಾರ ತೂರಿಸಿಡಬೇಕು. 'ಸ್ಟಾಪ್' ಎಂದು ಕೂಗಿದರೆ ಬೆರಳು ಅಲ್ಲಿಗೇ ನಿಲ್ಲಬೇಕು. ಇದನ್ನು ಮುರಿದವರನ್ನು ಎಷ್ಟೇ ಚೆನ್ನಾಗಿ ಹೊಡೆಯುವವರಾದರೂ ಹೊರಗೆ ಕಳಿಸುತ್ತಾರೆ. ಗುಂಡು ಸೀಸದ್ದು, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬಾರದು.

ಇನ್ನು ಕಾನೂನಿನ ಮಾತು: ಹೊಡೆತದ ಶಕ್ತಿ 20 ಜೌಲ್ ಮೀರದ 4.5 ಮಿಲಿಮೀಟರ್ ಗಾಳಿ ಬಂದೂಕಿಗೆ ಪರವಾನಗಿ ಬೇಡ. ಇದನ್ನು ಬರೆಯುವಾಗಲೇ ನನಗೆ ಇನ್ನೊಂದು ನೆನಪಾಗಿ ಸಿಟ್ಟು ಬರುತ್ತದೆ. ಪರವಾನಗಿ ಬೇಡ ಎಂಬ ಒಂದೇ ಧೈರ್ಯದ ಮೇಲೆ ಕಪಿಲಾ ದಂಡೆಯಲ್ಲಿ ಬೆಳ್ಳಕ್ಕಿ, ಪಾರಿವಾಳಗಳಿಗೆ ಗುರಿಯಿಡುವ ಹುಡುಗರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ನನ್ನ ಪ್ರಕಾರ ಹೇಡಿತನ. ಒಲಿಂಪಿಕ್ಸ್‌ನವರೂ 1900ರಲ್ಲಿ ಪ್ಯಾರಿಸ್‌ನಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಸಿ ಹೊಡೆಸಿದ್ದುಂಟು, ಆಮೇಲೆ ಮಣ್ಣಿನ ಬಿಲ್ಲೆಗಳಷ್ಟೇ ಉಳಿದವು. ಮಗಳು ಎಂದಾದರೂ ಹಕ್ಕಿಯ ಕಡೆ ನಳಿಗೆ ತಿರುಗಿಸಿದರೆ ಅವತ್ತೇ ಬಂದೂಕು ಕಿತ್ತಿಡಿ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಸ್ಪರ್ಧೆಯ ರೈಫಲ್ಲುಗಳು ಹೆಚ್ಚಾಗಿ ಜರ್ಮನಿಯಿಂದ ಬರುತ್ತವೆ, ಬೆಲೆ ಲಕ್ಷಗಳಲ್ಲಿ. ಬಿರುಸಾದ ಜಾಕೆಟ್ಟು, ಪ್ಯಾಂಟು, ಬೂಟು ಬೇರೆ. ಮಧ್ಯಮ ವರ್ಗದ ಮನೆಗೆ ಇದು ಹೊರೆಯೇ. ಆದರೆ ಮೊದಲ ದಿನವೇ ಇದ್ಯಾವುದೂ ಬೇಡ. ಕಲಿಯುವವರಿಗೆ ರೇಂಜಿನಲ್ಲೇ ಬಂದೂಕು ಕೊಡುತ್ತಾರೆ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರವೂ ಉಂಟು. ಕೈ ಕುದುರಿದರೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಪಂದ್ಯಗಳಿವೆ. ಅಲ್ಲಿಂದ ಮುಂದಿನ ಮೆಟ್ಟಿಲು ಮಾವಳಂಕರ್ ಹೆಸರಿನ ಅಖಿಲ ಭಾರತ ಸ್ಪರ್ಧೆ. ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಅವರೇ 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಮೊದಲ ಅಧ್ಯಕ್ಷರು.

ನನ್ನ ಕೊರಗು ಇನ್ನೊಂದಿದೆ. ನಮ್ಮ ಗಡಿಯಾಚೆ, ಬೆಳಗಾವಿಯ ನೆರೆಯ ಕೊಲ್ಲಾಪುರ ಜಿಲ್ಲೆಯನ್ನು ನೋಡಿ. 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಅಲ್ಲಿಯವರು. 2024ರ ಪ್ಯಾರಿಸ್‌ನಲ್ಲಿ ಮೂರು ಭಂಗಿಯ ರೈಫಲ್ಲಿನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ಅದೇ ಜಿಲ್ಲೆಯ ಒಂದು ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸಕ್ಕೆ ಸೇರಿದ್ದವರು. ಅವರ ನೀರಲ್ಲಿ ಇರುವುದು ನಮ್ಮ ಕಪಿಲೆಯಲ್ಲಿ, ಕಾವೇರಿಯಲ್ಲಿ ಇಲ್ಲವೇ? ನಿಮ್ಮೂರೂ ನಮ್ಮೂರೂ ಒಂದೇ 766ನೇ ಹೆದ್ದಾರಿಯ ಮೇಲಿವೆ, ಎರಡೂ ಕಡೆಯ ಮಕ್ಕಳು ಮೈಸೂರಿಗೇ ಹೋಗಬೇಕು. ಏರ್ ರೈಫಲ್ಲಿಗೆ ಬೇಕಾದದ್ದು ಗುಂಡು ಹತ್ತು ಮೀಟರ್ ಹಾರುವಷ್ಟು ಜಾಗ, ಹಿಂದೆ ಗಟ್ಟಿ ತಡೆಗೋಡೆ, ಒಳ್ಳೆ ಬೆಳಕು, ಒಬ್ಬ ಶಿಸ್ತಿನ ತರಬೇತುದಾರ. ತಾಲ್ಲೂಕು ಕ್ರೀಡಾಂಗಣದ ಒಂದು ಮೂಲೆ ಸಾಕು.

ಅದಕ್ಕೇ ನನ್ನ ಮಾತು ಇಷ್ಟು. ಮಗಳನ್ನು ಭಾನುವಾರ ಮೈಸೂರಿಗೆ ಕರೆದುಕೊಂಡು ಬನ್ನಿ, ಅಜ್ಜಿಯನ್ನೂ ಕರೆತನ್ನಿ. ಆರು ತಿಂಗಳು ಏನನ್ನೂ ಕೊಳ್ಳಬೇಡಿ. ಈ ನಡುವೆ ನಾನು ಇಲ್ಲಿ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಗೆ ಒಂದು ಅರ್ಜಿ ಬರೆಯುತ್ತಿದ್ದೇನೆ, ಎರಡು ತಾಲ್ಲೂಕಿಗೂ ಒಂದೊಂದು ಹತ್ತು ಮೀಟರ್ ರೇಂಜು ಕೊಡಿ ಎಂದು. ನಂಜನಗೂಡಿನ ಸಹಿಗಳನ್ನು ನಾನು ಕೂಡಿಸುತ್ತೇನೆ, ನರಸೀಪುರದ್ದನ್ನು ನೀವು ಕೂಡಿಸಿ ಕಳಿಸಿ.

ಇಂತಿ ನಿಮ್ಮ,
ನಂಜನಗೂಡಿನ ಗೆಳೆಯ